ಲಾ ಮೇಷ್ಟ್ರು ವಿ.ಸಿ. ಆಗುವ ದಾರಿ: ಮಾಧವ ಮೆನನ್ ಮತ್ತು ಇತರರು

ಮುಲುಂಡ್_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಮೂರು ವರ್ಷದ ಎಲ್‌ಎಲ್‌ಬಿ ಮುಗಿಸುತ್ತಿದ್ದಾಳೆ. ಈಗ ಎಲ್‌ಎಲ್‌ಎಂ ಮಾಡಿ ಪಾಠ ಮಾಡುತ್ತೇನೆ ಅಂತ ಹಠ ಹಿಡಿದಿದ್ದಾಳೆ. ಮನೆಯಲ್ಲಿ ಎಲ್ಲರೂ ಹೈಕೋರ್ಟು, ಇಲ್ಲವಾದರೆ ದೊಡ್ಡ ಫರ್ಮು ಅಂದುಕೊಂಡಿದ್ದೆವು. "ಕಾನೂನು ಪಾಠ ಮಾಡಿದವರು ಕೊನೆಗೆ ಏನಾಗ್ತಾರೆ?" ಅಂತ ಅವರಪ್ಪ ಕೇಳಿದರು. "ವಿ.ಸಿ. ಆಗ್ತಾರೆ, ಮಾಧವ ಮೆನನ್ ಗೊತ್ತಿಲ್ವಾ?" ಅಂದಳು. ವಿ.ಸಿ. ಅಂದರೆ ವೈಸ್ ಚಾನ್ಸಲರ್, ವಿಶ್ವವಿದ್ಯಾಲಯದ ಮುಖ್ಯಸ್ಥರು ಅನ್ನೋದು ಗೊತ್ತು, ಮೆನನ್ ಬಗ್ಗೆ ನಮಗೆ ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಬಲ್ಲವರು ಬರೆಯಿರಿ. ಹೊಗಳಿಕೆ ಬೇಡ, ಆ ದಾರಿ ನಿಜಕ್ಕೂ ಹೇಗಿರುತ್ತೆ ಅನ್ನುವುದು ಬೇಕು.

ಕೋಥ್ರೂಡ್_ಮೇಷ್ಟ್ರು

ಅಮ್ಮಾ, ನಾನು ಪುಣೆಯಲ್ಲಿ ಕಾನೂನು ಪಾಠ ಮಾಡಿ ನಿವೃತ್ತನಾದವನು. ವಿ.ಸಿ. ಆಗಲೇಬೇಕು ಅಂತ ಲಾ ಮೇಷ್ಟ್ರಾದವರನ್ನೂ ನೋಡಿದ್ದೇನೆ. ಅವರ ಕ್ಲಾಸಿನಲ್ಲಿ ಹುಡುಗರು ಹಿಂದಿನ ಬೆಂಚು ಹುಡುಕುತ್ತಿದ್ದರು. ಮೆನನ್ ಆ ಜಾತಿಯವರಲ್ಲ.

ಅವರು 1935ರಲ್ಲಿ ತಿರುವನಂತಪುರದಲ್ಲಿ ಹುಟ್ಟಿದವರು. ಕೇರಳದಲ್ಲಿ ಸನ್ನದು ಪಡೆದು ಸ್ವಲ್ಪ ಕಾಲ ವಕೀಲಿಕೆ ಮಾಡಿದರು. ಆಮೇಲೆ ದಿಲ್ಲಿಗೆ ಹೋಗಿ ಕೇಂದ್ರ ಸಚಿವಾಲಯದಲ್ಲಿ ನೌಕರಿ ಹಿಡಿದರು. ಅದನ್ನೂ ಬಿಟ್ಟು ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಪಿಎಚ್‌ಡಿ ಆಯಿತು, ಪಾಠವೂ ಶುರುವಾಯಿತು. ಅಲ್ಲಿಂದ ದಿಲ್ಲಿ ವಿಶ್ವವಿದ್ಯಾಲಯ. ಲಾ ವಿದ್ಯಾರ್ಥಿಗಳನ್ನು ಬಡ ಕಕ್ಷಿದಾರರ ಎದುರು ಕೂರಿಸಬೇಕು, ಪುಸ್ತಕದಲ್ಲಿರುವ ಕಾನೂನು ಬೇರೆ, ಜನ ಅನುಭವಿಸುವ ಕಾನೂನು ಬೇರೆ ಅನ್ನುವ ಹುಚ್ಚು ಅವರಿಗೆ ಹತ್ತಿದ್ದು ದಿಲ್ಲಿಯಲ್ಲೇ. ಕಾನೂನು ನೆರವು ಕೇಂದ್ರ ಕಟ್ಟಿ ಅಲ್ಲಿಗೇ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುತ್ತಿದ್ದರು.

ಅಂದರೆ ಬೆಂಗಳೂರಿಗೆ ಬರುವ ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು. ಮಗಳಿಗೆ ಇದನ್ನು ಮೊದಲು ಹೇಳಿ. ನಲವತ್ತಕ್ಕೆಲ್ಲ ಕುರ್ಚಿ ಸಿಗುವ ಕೆಲಸ ಅಲ್ಲ ಇದು.

1986ರಲ್ಲಿ ಕರ್ನಾಟಕ ಸರ್ಕಾರ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗಾಗಿ ಒಂದು ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಆಗ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ವಕೀಲಿಕೆ, ಕಾನೂನು ಶಿಕ್ಷಣ ಎರಡಕ್ಕೂ ನಿಯಮ ಮಾಡುವ ಬಾರ್ ಕೌನ್ಸಿಲ್‌ಗೆ ಒಂದು ಮಾದರಿ ಕಾಲೇಜು ಬೇಕಿತ್ತು. ಯಾಕೆಂದರೆ ಆ ಕಾಲದಲ್ಲಿ ಲಾ ಅಂದರೆ ಬೇರೆಲ್ಲೂ ಸೀಟು ಸಿಗದವರು, ಇಲ್ಲವೇ ನೌಕರಿ ಮಾಡುತ್ತಾ ಒಂದು ಡಿಗ್ರಿ ಇರಲಿ ಅನ್ನುವವರು ಬರುವ ಜಾಗವಾಗಿತ್ತು. ಮೆನನ್ ಮೊದಲ ನಿರ್ದೇಶಕರಾದರು. ಮೊದಲ ಬ್ಯಾಚ್ ಶುರುವಾಗಿದ್ದು 1988ರಲ್ಲಿ. ಸ್ವಂತ ಕಟ್ಟಡವೂ ಇರಲಿಲ್ಲ, ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ತರಗತಿ. ಜ್ಞಾನಭಾರತಿ ಪಕ್ಕದ ನಾಗರಭಾವಿಗೆ ಹೋದದ್ದು ಆಮೇಲೆ.

ಪಿಯುಸಿ ಮುಗಿಸಿದ ಮಕ್ಕಳಿಗೆ ಪ್ರವೇಶ ಪರೀಕ್ಷೆ, ಐದು ವರ್ಷದ ಬಿಎ ಎಲ್‌ಎಲ್‌ಬಿ, ವರ್ಷಕ್ಕೆ ಮೂರು ಟ್ರೈಮೆಸ್ಟರ್, ಪ್ರತಿ ವಿಷಯಕ್ಕೂ ಒಂದು ಪ್ರಾಜೆಕ್ಟು, ಅದಕ್ಕೆ ಮೌಖಿಕ ಪರೀಕ್ಷೆ. ಒಂದೇ ವಿಷಯವನ್ನು ಇಬ್ಬರು ಮೇಷ್ಟ್ರು ಸೇರಿ ಕಲಿಸುವುದು. ಇವತ್ತು ಇದೆಲ್ಲ ಮಾಮೂಲಿ ಅನಿಸಬಹುದು. ನೋಟ್ಸ್ ಹೇಳಿ ಬರೆಸುವ ಕಾಲದಲ್ಲಿ ಇದನ್ನು ಒಪ್ಪಿಸುವುದಕ್ಕೆ ಎಷ್ಟು ಜಗಳ ಆಗಿರಬೇಡ!

ಹನ್ನೆರಡು ವರ್ಷ ಇದ್ದು 1998ರಲ್ಲಿ ಬಿಟ್ಟರು. ಆಮೇಲೆ ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯಕ್ಕೆ ಮೊದಲ ವಿ.ಸಿ. 2003ರಿಂದ 2006ರವರೆಗೆ ಭೋಪಾಲದ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿಯ ಮೊದಲ ನಿರ್ದೇಶಕ. ಅಲ್ಲಿ ನ್ಯಾಯಾಧೀಶರೇ ವಿದ್ಯಾರ್ಥಿಗಳು. ಮೂರೂ ಕಡೆ "ಮೊದಲ" ಅನ್ನುವುದನ್ನು ಗಮನಿಸಿ. ಈ ಮೂರರಲ್ಲಿ ಯಾವುದೂ ಯಾರೋ ಕಟ್ಟಿಟ್ಟ ಮನೆಯಲ್ಲ.

ಲೋವರ್‌ಪರೇಲ್_ಹುಡುಗ

ಸರ್, ಗೌರವ ಇದೆ. ಆದರೆ ನಾನು ಫರ್ಮಿನಲ್ಲಿ ಕೆಲಸ ಮಾಡುವವನು, ಪಕ್ಕದ ಟೇಬಲ್ಲಿನವರು ಲಾ ಸ್ಕೂಲಿನವರೇ. ಮೆನನ್ ಬಯಸಿದ್ದು ಏನು? ಕೋರ್ಟಿಗೆ, ಬಡವರ ಕೇಸಿಗೆ ಹೋಗುವ ವಕೀಲರು. ಬಂದದ್ದು ಏನು? ಕಂಪನಿಗಳ ವಿಲೀನದ ಕಾಗದ ಬರೆಯುವ ನಾವು. ಅವರೇ ಕಡೆಗಾಲದಲ್ಲಿ ಈ ಬಗ್ಗೆ ಬೇಸರ ಪಟ್ಟುಕೊಳ್ಳುತ್ತಿದ್ದರು. ಹಾಗಿದ್ದಮೇಲೆ ಇದನ್ನು ಯಶಸ್ಸು ಅನ್ನಬೇಕಾ?

ಕೋಥ್ರೂಡ್_ಮೇಷ್ಟ್ರು

@ಲೋವರ್‌ಪರೇಲ್_ಹುಡುಗ ಮೊದಲ ಬ್ಯಾಚ್ ಹೊರಬಂದದ್ದು 1993ರಲ್ಲಿ. 1991ರಲ್ಲಿ ದೇಶದ ಆರ್ಥಿಕ ನೀತಿ ಬದಲಾಗಿತ್ತು. ವಿದೇಶಿ ಬಂಡವಾಳ ಬಂತು, ಮುಂಬೈ ಫರ್ಮುಗಳಿಗೆ ಇಂಗ್ಲಿಷು ಚೆನ್ನಾಗಿ ಬರೆಯುವ, ರಾತ್ರಿಯೆಲ್ಲ ಕೂತು ಓದುವ ಹುಡುಗರು ಬೇಕಾದರು. ಟ್ರೈಮೆಸ್ಟರ್‌ನಲ್ಲಿ ಪಳಗಿದವರು ಸಿಕ್ಕರು. ಮೆನನ್ ಬಿತ್ತಿದ್ದು ಒಂದು ಹೊಲಕ್ಕೆ, ಕೊಯ್ಲಿಗೆ ಬಂದ ವ್ಯಾಪಾರಿ ಬೇರೆ. ಇದರಲ್ಲಿ ಅವರ ತಪ್ಪೇನು?

ಲೋವರ್‌ಪರೇಲ್_ಹುಡುಗ

ತಪ್ಪು ಅನ್ನಲಿಲ್ಲ. ಆದರೆ ಸಂಸ್ಥೆಯ ಮುಖ್ಯಸ್ಥ ಅಂದಮೇಲೆ ಕ್ಲಾಸ್‌ರೂಮಿನ ಹೊರಗೆ ಏನಾಗುತ್ತೆ ಅಂತಲೂ ಲೆಕ್ಕ ಹಾಕಬೇಕಲ್ವಾ? ಅಪ್ಪ-ಅಮ್ಮ ಲಕ್ಷಗಟ್ಟಲೆ ಫೀಸು ಕಟ್ಟಿದ ಮೇಲೆ ಮಕ್ಕಳು ತಾಲೂಕು ಕೋರ್ಟಿನ ಮರದ ಕೆಳಗೆ ಕೂರುತ್ತಾರಾ? ಮೇಷ್ಟ್ರಿಗೆ ಪಠ್ಯಕ್ರಮ ಕಾಣುತ್ತೆ, ಫೀಸಿನ ಪಟ್ಟಿ ಕಾಣಲ್ಲ. ವಿ.ಸಿ.ಗೆ ಎರಡೂ ಕಾಣಬೇಕು.

ರಾತ್ರಿಶಾಲೆ_ಹಳಬ

ಫೀಸಿನ ಮಾತು ಬಂತಲ್ಲ, ಹಾಗಾಗಿ ನನ್ನದೂ ಒಂದಿಷ್ಟು. ನಾನು ಫೋರ್ಟಿನ ಹೋಟೆಲಲ್ಲಿ ಕೆಲಸ ಮಾಡಿಕೊಂಡು ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮಾಡಿದವನು. ನಮ್ಮ ಕಾಲದಲ್ಲಿ ಮುಂಬೈ ಕನ್ನಡಿಗ ಲಾಯರ್ ಆದದ್ದು ಹೀಗೆ: ಬೆಳಿಗ್ಗೆ ಅಥವಾ ಸಂಜೆ ಕಾಲೇಜು, ಉಳಿದ ಹೊತ್ತು ಹೋಟೆಲು, ಬ್ಯಾಂಕು, ಆಫೀಸು. ಉಡುಪಿ, ಕುಂದಾಪುರ ಕಡೆಯಿಂದ ಬಂದವರಲ್ಲಿ ಹೀಗೆ ಕರಿ ಕೋಟು ಹಾಕಿದವರು ಎಷ್ಟೋ ಜನ. ಲಾ ಸ್ಕೂಲ್ ಮಾದರಿ ಅಂದರೆ ಹಾಸ್ಟೆಲ್ಲಿನಲ್ಲಿ ಐದು ವರ್ಷ, ದಿನವಿಡೀ ಕ್ಲಾಸು. ಕ್ಯಾಶ್ ಕೌಂಟರಿನಲ್ಲಿ ಕೂತವನು ಅಲ್ಲಿಗೆ ಹೋಗೋದು ಹೇಗೆ?

ಈ ಊರಲ್ಲಿ ಬೇರೆ ಮಾದರಿ ಇತ್ತು. ಬಾಬಾಸಾಹೇಬ ಅಂಬೇಡ್ಕರ್ 1935ರಿಂದ 1938ರವರೆಗೆ ಚರ್ಚ್‌ಗೇಟಿನ ಸರ್ಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. ಅದಕ್ಕೂ ಮೊದಲು ಅಲ್ಲೇ ಪಾಠ ಮಾಡಿದ್ದರು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿ, ಮರುವರ್ಷ ಸಿದ್ಧಾರ್ಥ ಕಾಲೇಜು ತೆರೆದರು. ದುಡಿದು ಓದುವ ಹುಡುಗರಿಗೆ ಅನುಕೂಲ ಆಗುವ ಹಾಗೆ ಬೆಳಿಗ್ಗೆಯೇ ತರಗತಿ ಇಟ್ಟರು. ಕಾನೂನು ಮೇಷ್ಟ್ರು ಸಂಸ್ಥೆ ಕಟ್ಟಿದ ಉದಾಹರಣೆ ಬೇಕು ಅಂದರೆ ನಾನು ಮೊದಲು ಇದನ್ನು ಹೇಳುತ್ತೇನೆ.

ಕೋಥ್ರೂಡ್_ಮೇಷ್ಟ್ರು

@ರಾತ್ರಿಶಾಲೆ_ಹಳಬ ಅಣ್ಣಾ, ನಿಮ್ಮ ಮಾತು ಒಪ್ಪಿದೆ, ಒಂದು ಸೇರಿಸುತ್ತೇನೆ. ಸಂಜೆ ಕಾಲೇಜು ಮುಚ್ಚಿಸಿದ್ದು ಮೆನನ್ ಅಲ್ಲ. ಕಾನೂನು ಕೋರ್ಸು ಪೂರ್ಣಕಾಲಿಕವಾಗಿರಬೇಕು, ತರಗತಿ ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ ನಡೆಯಬೇಕು ಅಂತ ನಿಯಮ ಮಾಡಿದ್ದು ಬಾರ್ ಕೌನ್ಸಿಲ್, 2008ರಲ್ಲಿ. ಮೂರು ವರ್ಷದ ಎಲ್‌ಎಲ್‌ಬಿ ಇನ್ನೂ ಉಳಿದಿದೆ. ಬೆಂಗಳೂರಿನ ಲಾ ಸ್ಕೂಲೇ 2022ರಲ್ಲಿ ಮೂರು ವರ್ಷದ ಕೋರ್ಸು ಶುರುಮಾಡಿತು.

ರಾತ್ರಿಶಾಲೆ_ಹಳಬ

ನಿಯಮ ಯಾರದೇ ಇರಲಿ ಮೇಷ್ಟ್ರೇ, ಗಾಳಿ ಯಾವ ಕಡೆ ಬೀಸುತ್ತಿತ್ತು ಅನ್ನೋದು ಎಲ್ಲರಿಗೂ ಗೊತ್ತಿತ್ತು. "ಒಳ್ಳೆ ಲಾ ಕಾಲೇಜು" ಅಂದರೆ ಹಾಸ್ಟೆಲ್ ಇರುವ ಕಾಲೇಜು ಅಂತ ಆಗಿಹೋಯ್ತು. ನಮ್ಮಂಥವರ ಕಾಲೇಜು ಸುಮ್ನೆ ಡಿಗ್ರಿ ಕೊಡುವ ಜಾಗ ಅನ್ನಿಸಿಕೊಂಡಿತು.

ಮಾಟುಂಗಾ_ಓದುಗ

ಮುಂಬೈಯ ಇನ್ನೊಬ್ಬ ಲಾ ಪ್ರೊಫೆಸರನ್ನು ಮರೆತಿರಿ. ಪಾಂಡುರಂಗ ವಾಮನ ಕಾಣೆ. ಹೈಕೋರ್ಟಿನಲ್ಲಿ ವಕೀಲಿಕೆ, ಸರ್ಕಾರಿ ಲಾ ಕಾಲೇಜಿನಲ್ಲಿ ಪ್ರೊಫೆಸರ್. 1947ರಿಂದ 49ರವರೆಗೆ ಮುಂಬೈ ವಿಶ್ವವಿದ್ಯಾಲಯದ ವಿ.ಸಿ. ಹುಟ್ಟಿದ್ದು 1880ರಲ್ಲಿ, ಅಂದರೆ ಆ ಕುರ್ಚಿಗೆ ಬಂದಾಗ 67. 1963ರಲ್ಲಿ ಭಾರತರತ್ನ ಬಂತು. ಬಂದದ್ದು ವಿ.ಸಿ. ಆಗಿದ್ದಕ್ಕಲ್ಲ, ಧರ್ಮಶಾಸ್ತ್ರದ ಇತಿಹಾಸ ಬರೆದದ್ದಕ್ಕೆ. ಐದು ಸಂಪುಟ, ಆರು ಸಾವಿರಕ್ಕೂ ಜಾಸ್ತಿ ಪುಟ. ಛಾಪಿಸಿದ್ದು ಪುಣೆಯ ಭಂಡಾರಕರ ಸಂಸ್ಥೆ.

ಆ ಸಂಪುಟಗಳ ವರ್ಷ ನೋಡಿ. ಮೂರನೆಯದು 1946, ನಾಲ್ಕನೆಯದು 1953. ಅವರು ವಿ.ಸಿ. ಆಗಿದ್ದದ್ದು ಸರಿಯಾಗಿ ಈ ಎರಡರ ನಡುವೆ. ಅಷ್ಟು ದೊಡ್ಡ ಕೆಲಸಕ್ಕೆ ಏಳು ವರ್ಷ ಹೇಗೂ ಬೇಕಿತ್ತೇನೋ. ಆದರೂ ಫೈಲು, ಸೆನೆಟ್ ಸಭೆಗಳ ನಡುವೆ ಎಷ್ಟು ಪುಟ ನಿಂತಿರಬಹುದು ಅಂತ ನನಗೆ ಅನಿಸುತ್ತಲೇ ಇರುತ್ತೆ. ಅವರ ಕಾಲದ ಮುಂಬೈಯಲ್ಲಿ ಎಷ್ಟು ಜನ ವಿ.ಸಿ.ಗಳಿದ್ದರು, ಯಾರಿಗೆ ನೆನಪಿದೆ? ಪುಸ್ತಕ ಉಳಿಯಿತು.

ಇನ್ನೊಂದು, 1966ರಲ್ಲಿ ಇದೇ ಕುರ್ಚಿಗೆ ಪಿ.ಬಿ. ಗಜೇಂದ್ರಗಡ್ಕರ್ ಬಂದರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ನಿವೃತ್ತರಾದವರು. ಮೇಷ್ಟ್ರಲ್ಲ, ನ್ಯಾಯಾಧೀಶ. ಕಾನೂನು ಓದಿದವರನ್ನು ವಿಶ್ವವಿದ್ಯಾಲಯ ನಡೆಸಲು ಕರೆಯುವ ರೂಢಿ ಈ ಊರಿಗೆ ಹಳೆಯದು.

ಕೋಥ್ರೂಡ್_ಮೇಷ್ಟ್ರು

@ಮಾಟುಂಗಾ_ಓದುಗ ಸಂಪುಟಗಳ ವರ್ಷ ಇಟ್ಟು ನೋಡಿದ್ದು ಬಹಳ ಚೆನ್ನಾಗಿದೆ.

ನಾನು ಹೇಳಬೇಕೆಂದಿದ್ದ ಮಾತಿಗೂ ಇದು ಹೊಂದುತ್ತೆ. ಇದ್ದ ವಿಶ್ವವಿದ್ಯಾಲಯಕ್ಕೆ ವಿ.ಸಿ. ಆಗುವುದು ಒಂದು ಕೆಲಸ, ಇಲ್ಲದ್ದನ್ನು ಕಟ್ಟುವುದು ಇನ್ನೊಂದು. ಉಪೇಂದ್ರ ಬಕ್ಷಿ ಅವರನ್ನು ತಗೊಳ್ಳಿ. ಕಾನೂನು ಚಿಂತನೆಯಲ್ಲಿ ಮೆನನ್‌ಗಿಂತ ಹರಿತ ಅಂತ ನನ್ನ ಅಭಿಪ್ರಾಯ. 1979ರಲ್ಲಿ, ಮಥುರಾ ಅತ್ಯಾಚಾರ ಪ್ರಕರಣದಲ್ಲಿ ಪೊಲೀಸರನ್ನು ಖುಲಾಸೆ ಮಾಡಿದ ಸುಪ್ರೀಂ ಕೋರ್ಟಿನ ತೀರ್ಪನ್ನು ಪ್ರಶ್ನಿಸಿ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದ ನಾಲ್ವರು ಲಾ ಮೇಷ್ಟ್ರಲ್ಲಿ ಅವರೊಬ್ಬರು. ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಂವಾರ್ ಉಳಿದವರು. ಪ್ರಕರಣ ನಡೆದದ್ದು ನಮ್ಮ ಮಹಾರಾಷ್ಟ್ರದಲ್ಲೇ, ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ, ಮಥುರಾ ಅನ್ನುವ ಆದಿವಾಸಿ ಹುಡುಗಿಯ ಮೇಲೆ. ಆ ಪತ್ರದಿಂದ ಎದ್ದ ಚಳವಳಿಯೇ 1983ರ ಅತ್ಯಾಚಾರ ಕಾನೂನಿನ ತಿದ್ದುಪಡಿಗೆ ಕಾರಣವಾಯಿತು. ಲಾ ಮೇಷ್ಟ್ರುಗಳು ಏನು ಮಾಡಬಲ್ಲರು ಅಂತ ಕೇಳುವ ಅಪ್ಪನಿಗೆ ಇದನ್ನು ಓದಿಸಿ, ಅಮ್ಮಾ.

ಅದೇ ಬಕ್ಷಿ 1990ರಿಂದ 94ರವರೆಗೆ ದಿಲ್ಲಿ ವಿಶ್ವವಿದ್ಯಾಲಯದ ವಿ.ಸಿ. ಮಂಡಲ್ ಮೀಸಲಾತಿ ಗಲಾಟೆಯ ಕಾಲ. ಸಾವಿರಾರು ಅಧ್ಯಾಪಕರು, ಅವರ ಸಂಘಗಳು, ಎಷ್ಟೋ ಕಾಲೇಜುಗಳು. ಅಷ್ಟು ದೊಡ್ಡ ಹಡಗನ್ನು ಒಬ್ಬ ಮನುಷ್ಯ ತಿರುಗಿಸಲಾಗದು. ಜನ ಇವತ್ತು ಬಕ್ಷಿಯವರನ್ನು ನೆನೆಯುವುದು ಆ ಪತ್ರಕ್ಕೆ, ಬರವಣಿಗೆಗೆ. ಮೆನನ್ ಅವರನ್ನು ನೆನೆಯುವುದು ಸಂಸ್ಥೆಗಳಿಗೆ. ಮೆನನ್ ಜಾಣತನ ಇದ್ದದ್ದು ಖಾಲಿ ಜಾಗ ಆರಿಸಿಕೊಳ್ಳುವುದರಲ್ಲಿ. ಹಳೆ ಜಗಳ ಇಲ್ಲ, ಬೇರು ಬಿಟ್ಟ ಗುಂಪಿಲ್ಲ. ಕಟ್ಟಿ ನಿಲ್ಲಿಸಿ, ಗುಂಪುಗಳು ಬೆಳೆಯುವ ಹೊತ್ತಿಗೆ ಎದ್ದು ಹೋಗುವುದು.

ಲೋವರ್‌ಪರೇಲ್_ಹುಡುಗ

ಹಾಗಾದರೆ ಮುಂದೆ ಬಂದ ವಿ.ಸಿ.ಗಳಿಗೆ ಕಷ್ಟ ಉಳಿಸಿ ಹೋದರು ಅಂತಾಯ್ತು ಸರ್. 2020ರ ಕಥೆ ನೆನಪಿದೆಯಾ? ಕೋವಿಡ್‌ನಿಂದ ಕ್ಲ್ಯಾಟ್, ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ, ಮುಂದಕ್ಕೆ ಹೋಗುತ್ತಲೇ ಇತ್ತು. ಬೇರೆಯವರದು ಸೆಮಿಸ್ಟರ್, ಹೇಗೋ ನಡೆಯುತ್ತೆ. ಬೆಂಗಳೂರಿನದು ಟ್ರೈಮೆಸ್ಟರ್, ತಡವಾದರೆ ಇಡೀ ವರ್ಷವೇ ಹೋಗುತ್ತೆ ಅಂತ ಅಲ್ಲಿನ ವಿ.ಸಿ. ಸುಧೀರ್ ಕೃಷ್ಣಸ್ವಾಮಿ ಸ್ವಂತ ಪರೀಕ್ಷೆ ಮಾಡಿಸಿದರು. ಅವರು ಅದೇ ಶಾಲೆಯಲ್ಲಿ ಓದಿ ಅಲ್ಲೇ ವಿ.ಸಿ. ಆದ ಮೊದಲಿಗರು. ಸಂವಿಧಾನದ ಮೂಲ ರಚನೆಯ ಬಗ್ಗೆ ಪುಸ್ತಕ ಬರೆದ ವಿದ್ವಾಂಸ. ಅವರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಒಬ್ಬರು ಯಾರು? ಅವರ ಹಿಂದಿನ ವಿ.ಸಿ. ವೆಂಕಟರಾವ್! ಸೆಪ್ಟೆಂಬರ್ 21ಕ್ಕೆ ಕೋರ್ಟು ಆ ಪರೀಕ್ಷೆಯನ್ನೇ ರದ್ದು ಮಾಡಿತು. ಮೆನನ್ ತಂದ ಟ್ರೈಮೆಸ್ಟರೇ ಕೊನೆಗೆ ಇಲ್ಲಿ ಕಾಲಿಗೆ ತೊಡರಿಕೊಂಡದ್ದು.

ಕೋಥ್ರೂಡ್_ಮೇಷ್ಟ್ರು

ತೊಡರಿಕೊಂಡದ್ದು ನಿಜ. ಆದರೆ ಅದೇ ವಿ.ಸಿ. ಅದಾದ ಮೇಲೂ ಸೀಟು ಹೆಚ್ಚಿಸಿದರು, ಮೂರು ವರ್ಷದ ಕೋರ್ಸು ತಂದರು. ಒಂದು ಕೇಸು ಸೋತರೆ ವಕೀಲ ಕೆಟ್ಟವನಾಗುತ್ತಾನಾ?

ಮುಲುಂಡ್_ಅಮ್ಮ

ಇಷ್ಟೊಂದು ಬರೆದಿರಿ, ಎಲ್ಲರಿಗೂ ಧನ್ಯವಾದ. ಮಧ್ಯೆ ಒಂದು ಪ್ರಶ್ನೆ. ಚಿಕ್ಕ ಮಗ ಹನ್ನೊಂದನೇ ತರಗತಿ. ಅವನಿಗೆ ಆ ಬೆಂಗಳೂರು ಶಾಲೆಯಲ್ಲಿ ಕನ್ನಡಿಗರ ಕೋಟಾ ಸಿಗುತ್ತಾ? ನಾವು ಮನೆಯಲ್ಲಿ ಕನ್ನಡವೇ ಮಾತಾಡೋದು.

ಮಾಟುಂಗಾ_ಓದುಗ

ಸಿಗಲ್ಲ ಅಕ್ಕಾ. ಅದು ಭಾಷೆಯ ಕೋಟಾ ಅಲ್ಲ. 2020ರಲ್ಲಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಶೇಕಡ 25 ಮೀಸಲಿಟ್ಟಿತು, ಷರತ್ತು ಕರ್ನಾಟಕದಲ್ಲಿ ಹತ್ತು ವರ್ಷ ಓದಿರಬೇಕು ಅಂತ. ಹೈಕೋರ್ಟು ಅದೇ ಸೆಪ್ಟೆಂಬರಿನಲ್ಲಿ ತಿದ್ದುಪಡಿ ರದ್ದು ಮಾಡಿತು. ಮರುವರ್ಷ ಶಾಲೆ ತಾನೇ ತನ್ನ ಯೋಜನೆಯಲ್ಲಿ ಶೇಕಡ 25 ಇಟ್ಟುಕೊಂಡಿತು. ಮುಂಬೈಯಲ್ಲೇ ಓದಿದ ಮಗುವಿಗೆ ಅದರಲ್ಲಿ ಜಾಗ ಇಲ್ಲ. ಇಲ್ಲಿ ಪೊವಾಯಿಯ ಮಹಾರಾಷ್ಟ್ರ ಕಾನೂನು ವಿಶ್ವವಿದ್ಯಾಲಯ ಇದೆ. ಅಲ್ಲಿ ಮಹಾರಾಷ್ಟ್ರದವರಿಗೆ ಮೀಸಲಾತಿ ಇದೆ, ನಿಯಮ ಓದಿ ನೋಡಿ. ಹೊರನಾಡ ಕನ್ನಡಿಗ ಅಲ್ಲಿಗೂ ಸಲ್ಲ ಇಲ್ಲಿಗೂ ಸಲ್ಲ ಅಂತ ಅಳುವುದಕ್ಕಿಂತ ಇದು ಒಳ್ಳೆಯದು.

ವಾಸ್ಕೋ_ನಿವಾಸಿ

ಗೋವಾದಿಂದ ಒಂದೆರಡು ಮಾತು. ಇಲ್ಲಿ ಮೀರಾಮಾರ್‌ನಲ್ಲಿ 1973ರಿಂದ ಸಾಳಗಾಂವಕರ್ ಲಾ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳ ಕಾನೂನು ನೆರವು ಘಟಕಗಳು ಹಳ್ಳಿಗಳಿಗೂ ಬರುತ್ತವೆ. ನಮ್ಮ ಕಡೆ ಉತ್ತರ ಕರ್ನಾಟಕದಿಂದ ಬಂದ ಕೂಲಿ ಜನ ಬಹಳ. ಬಾಡಿಗೆ, ರೇಷನ್ ಕಾರ್ಡು, ಬಾಕಿ ಕೂಲಿ, ಇವೇ ಅವರ ಕಾನೂನು. ಮೆನನ್ ದಿಲ್ಲಿಯಲ್ಲಿ ಶುರುಮಾಡಿದ್ದು ಇಂಥದ್ದನ್ನೇ ಅಲ್ವಾ? ಲೋವರ್‌ಪರೇಲ್ ತಮ್ಮ ಎಲ್ಲರೂ ಕಂಪನಿಗೆ ಹೋದರು ಅಂದ. ಕಾನೂನು ನೆರವು ಕ್ಲಿನಿಕ್ಕಿನ ಐಡಿಯಾ ದೇಶದ ಚಿಕ್ಕಚಿಕ್ಕ ಕಾಲೇಜುಗಳಿಗೆ ಹಬ್ಬಿದೆ, ಅದನ್ನೂ ಲೆಕ್ಕಕ್ಕೆ ತಗೋಬೇಕು. ಅಲ್ಲಿ ಕಂಪನಿಗಳೂ ಬರಲ್ಲ, ಪೇಪರಿನವರೂ ಬರಲ್ಲ. ಅದಕ್ಕೇ ಯಾರಿಗೂ ಕಾಣಲ್ಲ.

ಲೋವರ್‌ಪರೇಲ್_ಹುಡುಗ

@ವಾಸ್ಕೋ_ನಿವಾಸಿ ಇದು ಒಳ್ಳೆ ಪಾಯಿಂಟು ಅಣ್ಣಾ. ಆದರೂ ಆ ಚಿಕ್ಕ ಕಾಲೇಜುಗಳಿಗೆ ಅನುದಾನ ಎಷ್ಟು, ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಎಷ್ಟು ಗಮನ, ನೀವೇ ನೋಡಿ.

ಬೋರಿವ್ಲಿ_ಉಪನ್ಯಾಸಕಿ

ತಡವಾಗಿ ಬಂದೆ. ಇಲ್ಲಿಯವರೆಗೆ ಬಂದ ವಿ.ಸಿ.ಗಳು, ಪ್ರಿನ್ಸಿಪಾಲರೆಲ್ಲ ಗಂಡಸರು! ಹುಡುಗಿಗೆ ಉದಾಹರಣೆ ಬೇಕು ಅಂದರೆ ಪುಣೆಯಲ್ಲೇ ನಮ್ಮ ಮಂಗಳೂರು ಕಡೆಯ ಶಶಿಕಲಾ ಗುರುಪುರ ಇದ್ದಾರೆ. ಸಿಂಬಯೋಸಿಸ್ ಲಾ ಸ್ಕೂಲಿನ ನಿರ್ದೇಶಕಿಯಾದವರು, ಕಾನೂನು ಆಯೋಗದ ಸದಸ್ಯೆಯೂ ಆಗಿದ್ದರು. ಕನ್ನಡಿಗರೇ ಬೇಕು ಅಂದರೆ ಇನ್ನೊಬ್ಬರು ಪಿ. ಈಶ್ವರ ಭಟ್. ಮೈಸೂರು ವಿಶ್ವವಿದ್ಯಾಲಯದಲ್ಲಿ ಕಾನೂನು ಪ್ರಾಧ್ಯಾಪಕರಾಗಿದ್ದರು. ಮೆನನ್ ಕಟ್ಟಿದ ಕೋಲ್ಕತ್ತದ ವಿಶ್ವವಿದ್ಯಾಲಯಕ್ಕೆ ವಿ.ಸಿ. ಆದರು, ಆಮೇಲೆ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ.

ಈಗ ಅಮ್ಮನಿಗೆ ಬೇಕಾದ ಲೆಕ್ಕ. ಎಲ್‌ಎಲ್‌ಎಂ ಈಗ ಒಂದು ವರ್ಷದ್ದೂ ಇದೆ. ಅದಾದ ಮೇಲೆ ಅಧ್ಯಾಪಕರಾಗಲು ಬೇಕಾದ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಪಾಸಾಗಬೇಕು, ಇಲ್ಲವೇ ರಾಜ್ಯಮಟ್ಟದ ಸೆಟ್. ಮಹಾರಾಷ್ಟ್ರ ಮತ್ತು ಗೋವಾ ಎರಡಕ್ಕೂ ಸೇರಿ ಸೆಟ್ ನಡೆಸುವುದು ಪುಣೆ ವಿಶ್ವವಿದ್ಯಾಲಯ. 2023ರಿಂದ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಪಿಎಚ್‌ಡಿ ಕಡ್ಡಾಯ ಅಲ್ಲ, ಮುಂದಿನ ಮೆಟ್ಟಿಲಿಗೆ ಬೇಕು. ಕಾಯಂ ಹುದ್ದೆಯಾದರೆ ಮೂಲ ವೇತನ 57,700. ಆದರೆ ಕಾಯಂ ಹುದ್ದೆ ಸಿಗುವುದೇ ಕಷ್ಟ. ಗಂಟೆಗಿಷ್ಟು ಅಂತ ದುಡ್ಡು ತಗೊಂಡು ವರ್ಷಗಟ್ಟಲೆ ಪಾಠ ಮಾಡುವವರು ಈ ಊರಲ್ಲಿ ತುಂಬಾ ಇದ್ದಾರೆ. ನಾನೂ ಅವರಲ್ಲೊಬ್ಬಳಾಗಿದ್ದೆ.

ಪ್ರೊಫೆಸರ್ ಆಗಲು ಪಿಎಚ್‌ಡಿ ಜೊತೆ ಕಡಿಮೆ ಅಂದರೆ ಹತ್ತು ವರ್ಷದ ಬೋಧನೆ ಬೇಕು. ವಿ.ಸಿ. ಆಗಲು ಪ್ರೊಫೆಸರ್ ಆಗಿ ಇನ್ನೂ ಹತ್ತು ವರ್ಷ. ಇಪ್ಪತ್ತು ಆಯಿತು. ಆಮೇಲೆ ಶೋಧನಾ ಸಮಿತಿ, ಮೂರರಿಂದ ಐದು ಹೆಸರಿನ ಪಟ್ಟಿ. ಆ ಪಟ್ಟಿಗೆ ಹೆಸರು ಹೇಗೆ ಸೇರುತ್ತೆ ಅನ್ನುವುದು ಬೇರೆಯೇ ವಿಷಯ, ಇಲ್ಲಿ ಬರೆಯೋದು ಬೇಡ.

ಮುಲುಂಡ್_ಅಮ್ಮ

ಪಾಠ ಮಾಡುತ್ತಲೇ ಕೋರ್ಟಿಗೂ ಹೋಗಬಹುದಾ? ಅವರಪ್ಪನಿಗೆ ಅಷ್ಟಾದರೂ ಸಮಾಧಾನ.

ಬೋರಿವ್ಲಿ_ಉಪನ್ಯಾಸಕಿ

ಪೂರ್ಣಕಾಲಿಕ ಸಂಬಳದ ಕೆಲಸ ಹಿಡಿದರೆ ಇಲ್ಲ, ವಕೀಲಿಕೆ ನಿಲ್ಲಿಸಬೇಕು. ಉಲ್ಟಾ ಮಾಡಬಹುದು: ವಕೀಲರಾಗಿದ್ದುಕೊಂಡು ದಿನಕ್ಕೆ ಮೂರು ಗಂಟೆ ಮೀರದಂತೆ ಅರೆಕಾಲಿಕ ಪಾಠ. ಮುಂಬೈಯಲ್ಲಿ ಹೈಕೋರ್ಟಿನವರು ಬೆಳಿಗ್ಗೆ ಬಂದು ಪಾಠ ಮಾಡಿ ಹೋಗುವುದು ಹಳೆಯ ಪದ್ಧತಿ. ಕಾಣೆಯವರ ಕಾಲದಿಂದಲೂ ಇದೆ. ಮೊದಲ ನಾಲ್ಕೈದು ವರ್ಷ ಹೀಗೆ ಎರಡೂ ಮಾಡಿ ನೋಡಲಿ. ಪಾಠಕ್ಕೆ ಕೇಸಿನ ವಾಸನೆ ಇದ್ದರೆ ಹುಡುಗರು ಕೇಳುತ್ತಾರೆ.

ಕೋಥ್ರೂಡ್_ಮೇಷ್ಟ್ರು

ಉಪನ್ಯಾಸಕಿಯವರು ಹೇಳಿದ್ದೇ ಸರಿ. ನೆಟ್‌ಗೆ ಈಗಿಂದಲೇ ಓದಲಿ, ವರ್ಷಕ್ಕೆ ಎರಡು ಸಲ ನಡೆಯುತ್ತೆ. ಮೊದಲ ಪೇಪರನ್ನು ಲಾ ಓದಿದವರು ಉಡಾಫೆ ಮಾಡುತ್ತಾರೆ. ಅಂಕ ಹೋಗೋದು ಅಲ್ಲೇ. ಅದರಲ್ಲೇ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಬಂದರೆ ತಿಂಗಳಿಗೆ 37,000, ಪಿಎಚ್‌ಡಿಗೆ ಮನೆಯಲ್ಲಿ ಕೈಚಾಚಬೇಕಿಲ್ಲ. ಪುಣೆಯಲ್ಲಿ ಎಲ್‌ಎಲ್‌ಎಂ ಮಾಡುವ ಯೋಚನೆ ಇದ್ದರೆ ಮಗಳೇ ಇಲ್ಲಿ ಬರೆಯಲಿ, ಯಾವ ಲೈಬ್ರರಿ ಚೆನ್ನಾಗಿದೆ, ಯಾವ ಗೈಡ್ ಹತ್ತಿರ ಹೋಗಬಾರದು ಎರಡನ್ನೂ ಹೇಳುತ್ತೇನೆ. ಎರಡನೆಯದನ್ನು ಖಾಸಗಿಯಾಗಿ.